ಕೈಗುಣದ ಕಸಿ

ಡಾಕ್ಟರ ಕೈಗುಣ ಎನ್ನುವುದು ನಿಜವಾಗಿಯೂ ಕೈಯಲ್ಲೇ ಇದ್ದರೆ? ಹಣೆಬರಹದಲ್ಲಲ್ಲ, ಓದಿದ ಪುಸ್ತಕದಲ್ಲಲ್ಲ. ಅಂಗೈಯ ಚರ್ಮದ ಮೇಲೆ ಕಣ್ಣಿಗೆ ಕಾಣದ ಹಾಗೆ ಸಂಸಾರ ಹೂಡಿಕೊಂಡು ಕುಳಿತ ಸೂಕ್ಷ್ಮಜೀವಿಗಳಲ್ಲಿ ಇದ್ದರೆ?

ಹುಬ್ಬಳ್ಳಿಯ ಜನರನ್ನು ಕೇಳಿದ್ದರೆ, ಇದರಲ್ಲಿ ಕಂಡುಹಿಡಿಯುವುದೇನಿದೆ ಎನ್ನುತ್ತಿದ್ದರು. ಗೋಡೆಗೆ ತೂಗುಹಾಕಿದ ಡಿಗ್ರಿ ಓದಿಕೊಂಡು ಡಾಕ್ಟರ ಹತ್ತಿರ ಹೋದವರು ಆ ಊರಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಅವರ ಕೈಗುಣ ಛಲೋ ಐತಿ ಎಂದು ಪಕ್ಕದ ಮನೆಯವರು ಹೇಳಬೇಕು, ಆಮೇಲೆ ಇವರು ಚಪ್ಪಲಿ ಮೆಟ್ಟಬೇಕು. ಆದರೆ ವಿಜ್ಞಾನಕ್ಕೆ ಪಕ್ಕದ ಮನೆಯವರ ಮಾತು ಸಾಲದಲ್ಲ. ಯಾವ ಔಷಧಕ್ಕೂ ಬಗ್ಗದ ಕೀವಿನ ರೋಗಾಣುಗಳು ಆಸ್ಪತ್ರೆ ಆಸ್ಪತ್ರೆಗಳಲ್ಲಿ ಠಿಕಾಣಿ ಹೂಡಿದ್ದ ಕಾಲವದು. ತರಕಾರಿ ಹೆಚ್ಚುವಾಗ ಆದ ಗಾಯವೂ ತಿಂಗಳುಗಟ್ಟಲೆ ಮಾಯುತ್ತಿರಲಿಲ್ಲ. ಅಂಥದರಲ್ಲಿ ಕೆಲವರು ಮುಟ್ಟಿ ಪಟ್ಟಿ ಕಟ್ಟಿದ ಗಾಯ ಮಾತ್ರ ಬೇಗ ಒಣಗುವುದೇಕೆ ಎಂದು ಯಾರೋ ತಲೆ ಕೆಡಿಸಿಕೊಂಡರು. ನೋಡಿದರೆ ಅಂಥವರ ಅಂಗೈಯಲ್ಲಿ ಹತ್ತಾರು ಬಗೆಯ ಸೂಕ್ಷ್ಮಜೀವಿಗಳ ಒಂದು ಕೂಟವೇ ಇತ್ತು. ಕೀವಿನ ರೋಗಾಣುಗಳನ್ನು ಅದು ಹತ್ತಿರ ಸೇರಿಸುತ್ತಿರಲಿಲ್ಲ. ಸೋಪು ಹಚ್ಚಿ ತೊಳೆದರೂ ಚರ್ಮದ ಸಂದಿಯಿಂದ ಮತ್ತೆ ಮೇಲೆ ಬಂದು ಕೂಡುತ್ತಿತ್ತು.

ಅದನ್ನು ನೋಡುವುದಕ್ಕೊಂದು ಯಂತ್ರವೂ ಬಂತು. ಅದರ ಹೆಸರು ಹಸ್ತದೀಪ. ಗಾಜಿನ ಹಲಗೆಯ ಮೇಲೆ ಅಂಗೈ ಊರಿದರೆ ಕೂಟ ಇದ್ದ ಕಡೆಯೆಲ್ಲ ನೀಲಿ ಬೆಳಕು, ಇಲ್ಲದ ಕಡೆ ಕತ್ತಲೆ. ಅಷ್ಟು ಸಾಕಾಯಿತು ನೋಡಿ ನಮ್ಮ ಮಂದಿಗೆ. 'ಇಲ್ಲಿ ಕೈ ಬೆಳಗುವ ವೈದ್ಯರಿದ್ದಾರೆ' ಎಂದು ದವಾಖಾನೆಗಳ ಮುಂದೆ ಬೋರ್ಡು ಬಂದವು. ಕೈ ಬೆಳಗದ ಡಾಕ್ಟರುಗಳು ಯಾರನ್ನೂ ಮುಟ್ಟುವ ಕೆಲಸವಿಲ್ಲದ ಎಕ್ಸ್‌ರೇ ವಿಭಾಗಕ್ಕೆ ವರ್ಗ ಮಾಡಿಸಿಕೊಂಡರು. ಕನ್ಯಾ ನೋಡಲು ಬಂದವರು ಚಹಾ ಕುಡಿಯುತ್ತ, ಹುಡುಗಿಯ ಕೈ ಬೆಳಗತೈತೇನ್ರಿ ಎಂದು ಮೆಲ್ಲಗೆ ವಿಚಾರಿಸತೊಡಗಿದರು. ಬೆಳಗುವ ಕೈಯೇ ಗಾಯ ಮಾಯಿಸುತ್ತದೆಂದು ಇನ್ನೂ ಯಾರೂ ಸಾಬೀತು ಮಾಡಿಲ್ಲ ಎಂದು ವಿಜ್ಞಾನಿಗಳು ಗಂಟಲು ಹರಿದುಕೊಂಡರೂ ಕೇಳುವವರಿಲ್ಲ. ಸಾಬೀತು ಮಾಡಲು ಇದ್ದದ್ದು ಒಂದೇ ದಾರಿ. ಬೆಳಗುವ ಕೈಯಿಂದ ಕೂಟವನ್ನು ತೆಗೆದು ಬರಿದಾದ ಕೈಗೆ ಕಸಿ ಮಾಡಬೇಕು, ಆ ಕೈ ಮುಟ್ಟಿದ ಗಾಯ ಒಣಗುತ್ತದೋ ಇಲ್ಲವೋ ನೋಡಬೇಕು.

ಆ ಕೆಲಸ ಹಾವೇರಿ ಕಡೆಯ ವರದಾ ಎಂಬ ಹುಡುಗಿಯ ಪಾಲಿಗೆ ಬಂತು. ಅವಳು ಬಯೋಮೆಡಿಕಲ್ ಪದವಿಯ ನಾಲ್ಕನೆಯ ವರ್ಷದಲ್ಲಿದ್ದಳು. ಆನರ್ಸ್ ಸಂಶೋಧನೆಯ ವರ್ಷ ಅದು. ಮೂರು ವರ್ಷ ಬೇರೆಯವರು ಕಂಡುಹಿಡಿದದ್ದನ್ನು ಉರು ಹೊಡೆದವರು ಆ ಒಂದು ವರ್ಷ ತಾವೇ ಏನಾದರೂ ಕಂಡುಹಿಡಿಯಬೇಕು. ಅದರ ಮೇಲೆ ಮುಂದಿನ ಪಿಎಚ್‌ಡಿ ಸೀಟು. ಮಾರ್ಗದರ್ಶಕಿ ಡಾ. ಶಾಹೀನ್ ಮುಲ್ಲಾ ಹೆಚ್ಚು ಮಾತಿನವರಲ್ಲ. ಯಾವ ವಿದ್ಯಾರ್ಥಿ ಬಂದರೂ ಮೊದಲ ವಾರ ಮನೆಯವರ ಕೈಯಿಂದಲೇ ಮಾದರಿ ತೆಗೆದು ಅಭ್ಯಾಸ ಮಾಡಬೇಕೆಂಬುದು ಅವರ ಪ್ರಯೋಗಾಲಯದ ಪದ್ಧತಿ. ತಪ್ಪಾದರೂ ಮನೆಯವರು ಬೈದು ಸುಮ್ಮನಾಗುತ್ತಾರಲ್ಲ, ಅದಕ್ಕೆ.

ವರದಾ ಪಿಯುಸಿಯಿಂದಲೂ ಸೋದರಮಾವನ ಮನೆಯಲ್ಲೇ ಇದ್ದು ಓದಿದವಳು. ಮಾವ ಡಾ. ಫಕ್ಕೀರೇಶ ಅಣ್ಣಿಗೇರಿ ಎಂದರೆ ಹಳೇ ಹುಬ್ಬಳ್ಳಿಯಲ್ಲಿ ಹೆಸರು ಹೇಳಿದರೆ ಸಾಕು, ಆಟೋದವರು ದವಾಖಾನೆಯ ಬಾಗಿಲಿಗೇ ಬಿಡುತ್ತಿದ್ದರು. ಊಟ ಮುಗಿಸಿ ಕುರ್ಚಿಯಲ್ಲಿ ಒರಗಿದ್ದ ಮಾವನ ಬಲಗೈಯನ್ನು ಅವಳು ಹಸಿ ಬಟ್ಟೆಯಿಂದ ಒರೆಸಿ ಒರೆಸಿ ಮಾದರಿ ತೆಗೆದಳು. ಕಚಗುಳಿ ಆಗ್ತೈತಿ ಬಿಡವಾ ಎಂದು ಅವರು ನಕ್ಕರು. ಆ ಮಾದರಿಯನ್ನು ಹಸ್ತದೀಪದಲ್ಲಿಟ್ಟರೆ ಇಡೀ ಹಲಗೆ ಬೆಳಗಿತು. ಶಾಹೀನ್ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಇಂಥ ಕೈಯನ್ನು ತಾವು ಈವರೆಗೆ ಕಂಡಿಲ್ಲ, ಇದನ್ನು ಜೋಪಾನವಾಗಿ ಶೀತಪೆಟ್ಟಿಗೆಯಲ್ಲಿಡು ಎಂದರು. ವರದಾಗೆ ಆ ದಿನ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಮಾವನಿಗೆ ನ್ಯುಮೋನಿಯಾ ಆಯಿತು. ಉಳಿಯುವುದು ಕಷ್ಟ ಎನ್ನುವಂತಾಗಿ, ಇದ್ದದ್ದರಲ್ಲೇ ಅತಿ ಕಟುವಾದ ಔಷಧವನ್ನು ರಕ್ತಕ್ಕೆ ಹರಿಸಿದರು. ಜೀವ ಉಳಿಯಿತು, ಕೈ ಹೋಯಿತು. ಮನೆಗೆ ಬಂದ ಮೇಲೆ ಅವರು ತಾವೇ ಪ್ರಯೋಗಾಲಯಕ್ಕೆ ಹೋಗಿ ಗಾಜಿನ ಮೇಲೆ ಅಂಗೈ ಊರಿ ನೋಡಿದರು. ಒಂದು ಚುಕ್ಕೆ ಬೆಳಕೂ ಇರಲಿಲ್ಲ. ಅವರು ಕೈಯನ್ನು ಮಗುಚಿ ಮತ್ತೊಮ್ಮೆ ಊರಿದರು. ಆಮೇಲೆ ಜೇಬಿನಲ್ಲಿ ಕೈ ಇಟ್ಟುಕೊಂಡು ಹೊರಗೆ ನಡೆದರು.

ಮರುದಿನದಿಂದ ದವಾಖಾನೆಯ ಬಾಗಿಲು ತೆರೆಯಲಿಲ್ಲ. ವರದಾ ಕೇಳಿದಾಗ ಮಾವ ಹೇಳಿದ್ದು ಇಷ್ಟೇ: "ಮಂದಿ ನನ್ನ ಕೈ ನಂಬಿ ಬರ್ತಾರವಾ. ಇಲ್ಲದ್ದನ್ನ ಐತಿ ಅಂತ ಹೆಂಗ ಹೇಳ್ಲಿ?"

ಮನೆಯಲ್ಲಿ ಕುಳಿತ ಡಾಕ್ಟರನ್ನು ಸಂಭಾಳಿಸುವುದು ಎಂಥ ಕಷ್ಟ ಎಂಬುದು ಅತ್ತೆ ಸುಶೀಲಾಬಾಯಿಗೇ ಗೊತ್ತು. ಮಾವ ಬೆಳಿಗ್ಗೆ ಎದ್ದು ಅಂಗಿ ಪ್ಯಾಂಟು ಹಾಕಿಕೊಂಡು ತಯಾರಾಗುವರು, ಆಮೇಲೆ ಎಲ್ಲಿಗೂ ಹೋಗುವುದಿಲ್ಲವೆಂದು ನೆನಪಾಗಿ ಕುರ್ಚಿಯಲ್ಲಿ ಕೂಡುವರು. ಹಳೆಯ ರೋಗಿಗಳು ಬಾಗಿಲು ತಟ್ಟಿದರೆ ಆರಾಮಿಲ್ಲ ಅಂತ ಹೇಳು ಎಂದು ಒಳಗಿನಿಂದಲೇ ಹೇಳುವರು. ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುವ ಮೊದಲು ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಳ್ಳುವರು. ಅತ್ತೆ ಒಂದು ದಿನ ಅಡುಗೆಮನೆಯಲ್ಲಿ ವರದಾಳ ರಟ್ಟೆ ಹಿಡಿದು, ಮನುಷ್ಯ ಉಸಿರಾಡಾಕತ್ತಾನ, ಅಷ್ಟs ನೋಡು ಎಂದು ಕಣ್ಣೀರು ಹಾಕಿದರು. ನೀ ತಗೊಂಡು ಇಟ್ಟದ್ದು ಐತಲ್ಲ, ಅದನ್ನ ತಿರುಗಿ ಹಚ್ಚಾಕ ಬರೂದಿಲ್ಲೇನು ಎಂದು ಕೇಳಿದರು.

ಬರುತ್ತಿತ್ತು. ಕಷ್ಟವೆಲ್ಲ ಅಲ್ಲೇ ಇತ್ತು.

ಈ ಕೂಟವನ್ನು ಬೇರೆ ರೋಗಾಣುಗಳ ಹಾಗೆ ಗಾಜಿನ ತಟ್ಟೆಯಲ್ಲಿ ಬೆಳೆಸಲು ಬರುವುದಿಲ್ಲ. ತಟ್ಟೆಗೆ ಹಾಕಿದರೆ ಅದರಲ್ಲಿ ಎರಡು ಮೂರು ಬಗೆಯವು ಮಾತ್ರ ಉಬ್ಬಿ ಉಳಿದವು ಸಾಯುತ್ತವೆ, ಕೂಟ ಒಡೆಯುತ್ತದೆ. ಅದು ಬದುಕುವುದು ಜೀವಂತ ಕೈಯ ಬೆವರು ಬಿಸಿಯಲ್ಲಿ ಮಾತ್ರ. ಒಮ್ಮೆ ಬೇರೆಯವರ ಕೈಗೆ ಹತ್ತಿ ನೆಲೆಯಾಯಿತೆಂದರೆ ಅವರ ಚರ್ಮಕ್ಕೆ ಹೊಂದಿಕೊಂಡು ಅವರದೇ ಆಗಿಬಿಡುತ್ತದೆ. ಅಲ್ಲಿಂದ ಹಿಂದಕ್ಕೆ ತರಲು ಆಗುವುದಿಲ್ಲ. ಬೇರೆ ಬೆಳಗುವ ಕೈಗಳಿಂದ ತೆಗೆದದ್ದು ಒಂದು ಕಸಿಗೂ ಸಾಲುತ್ತಿರಲಿಲ್ಲ. ಶೀತಪೆಟ್ಟಿಗೆಯಲ್ಲಿದ್ದ ಮಾವನ ಮಾದರಿ ಕರಗಿಸಿದರೆ ಆರು ಕೈಗಳಿಗೆ ಆಗುವಷ್ಟಿತ್ತು. ಮತ್ತೆ ಹೆಪ್ಪುಗಟ್ಟಿಸುವ ಹಾಗಿಲ್ಲ. ಆ ಆರನ್ನೇ ನೆಚ್ಚಿಕೊಂಡು ಶಾಹೀನ್ ಮೇಡಂ ಪ್ರಯೋಗ ರೂಪಿಸಿದ್ದರು. ಔಷಧದಿಂದ ಕೈ ಬರಿದಾದ ಹನ್ನೆರಡು ಮಂದಿ ದಾದಿಯರು, ಡಾಕ್ಟರುಗಳು ಹಗಲೂ ತೆಗೆಯದೆ ಮೂರು ರಾತ್ರಿ ಬಲಗೈಗೆ ದ್ರವ ತುಂಬಿದ ಕೈಗವಸು ಹಾಕಿಕೊಳ್ಳಬೇಕು. ಆರು ಕವಸುಗಳಲ್ಲಿ ನಿಜವಾದ ಕೂಟ, ಆರರಲ್ಲಿ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದನ್ನು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಎತ್ತುತ್ತದೆ, ವರ್ಷದ ಕೊನೆಯವರೆಗೆ ಅದು ದ್ರವ ಕಲಸುವ ಮೇಡಂಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗಕೂಡದು. ಗೊತ್ತಾದರೆ ನಂಬಿಕೆ ಗಾಯ ಮಾಯಿಸಿತೋ ಕೈ ಮಾಯಿಸಿತೋ ಎಂದು ಹೇಳಲಾಗುವುದಿಲ್ಲ.

ಮಾವನಿಗೊಂದು ಪಾಲು ಕೊಡೋಣ ಎಂದು ವರದಾ ಅಂಗಲಾಚಿದಳು. ಹಾಗೆ ಎತ್ತಿ ಕೊಡಲು ಬರುವುದಿಲ್ಲ ಎಂದರು ಮೇಡಂ. ಅವರ ಕೈಯೂ ಬರಿದಾಗಿದೆ, ಬೇಕಾದರೆ ಎಲ್ಲರ ಹಾಗೆ ಅವರೂ ಬಂದು ಹೆಸರು ಕೊಡಲಿ, ಚೀಟಿಯಲ್ಲಿ ಬಂದದ್ದು ಬರಲಿ ಎಂದರು. ಮಾವ ಒಪ್ಪಿಕೊಂಡರು. ಅಷ್ಟು ದಿನದ ಮೇಲೆ ಅವರ ಮುಖದಲ್ಲಿ ಗೆಲುವು ಕಂಡಿತು. ಹನ್ನೆರಡನೆಯ ಹೆಸರು ಅವರದಾಯಿತು.

ಕವಸು ಹಂಚುವ ದಿನ ಮಧ್ಯಾಹ್ನ ದ್ರವ ತುಂಬುವ ಕೆಲಸ ವರದಾಳದು. ಮೇಡಂ ಬೇರೆ ಕೋಣೆಯಲ್ಲಿ ಕಲಸಿ, ನಂಬರು ಅಂಟಿಸಿ, ಹನ್ನೆರಡು ಸೀಸೆಗಳನ್ನು ಕಳಿಸಿದ್ದರು. ಗುರುತು ಸಿಗದಿರಲೆಂದು ಉಪ್ಪುನೀರನ್ನೂ ಮಬ್ಬು ಮಾಡಿದ್ದರು, ನೋಡಲು ಹನ್ನೆರಡೂ ಒಂದೇ ಥರ. ಮೊದಲ ಸೀಸೆಯ ಮುಚ್ಚಳ ತೆಗೆದಳು, ಏನೂ ಇಲ್ಲ. ಎರಡನೆಯದನ್ನು ತೆಗೆದಾಗ ಅವಳ ಕೈ ನಿಂತಿತು.

ಮಾವನ ಕೈಯ ವಾಸನೆ. ಬಿಸಿಲಿಗೆ ಒಣಗಿದ ಅರಿವೆಯದು, ಅದರೊಳಗೆ ಒಂದಿಷ್ಟು ಹುಳಿ. ಚಿಕ್ಕವಳಿದ್ದಾಗ ರಜೆಗೆ ಬಂದು ಜ್ವರ ಹತ್ತಿದರೆ ಹಣೆಯ ಮೇಲೆ ಬಂದು ಕೂಡುತ್ತಿದ್ದ ವಾಸನೆ. ಬೇರೆ ಯಾರಿಗೂ ಅದು ತಿಳಿಯುತ್ತಿರಲಿಲ್ಲ. ಮೇಡಂ ಮೂಗಿಗೇ ಹಿಡಿದಿದ್ದರೂ ಅದೊಂದು ನೀರಿನ ವಾಸನೆ ಅಷ್ಟೇ. ಮನೆಯವರ ಕೈಯಿಂದಲೇ ಮಾದರಿ ತೆಗೆಯುವ ಪದ್ಧತಿಯಲ್ಲಿ ಇಂಥದೊಂದು ತೂತು ಇದೆಯೆಂದು ಯಾರಿಗೂ ಹೊಳೆದಿರಲಿಲ್ಲ. ಅವಳು ಒಂದೊಂದೇ ಸೀಸೆ ತೆಗೆದು ಮೂಸಿದಳು. ಹನ್ನೆರಡನೆಯದರಲ್ಲಿ ಏನೂ ಇರಲಿಲ್ಲ. ಮಾವನಿಗೆ ಉಪ್ಪುನೀರು ಬಂದಿತ್ತು.

ಏಳನೆಯದರಲ್ಲಿ ವಾಸನೆ ಇತ್ತು. ಏಳು ಎಂದರೆ ಕಸ್ತೂರಿ, ದೊಡ್ಡಾಸ್ಪತ್ರೆಯಲ್ಲಿ ಸುಟ್ಟಗಾಯದವರ ವಾರ್ಡಿನ ಸಿಸ್ಟರ್. ಅಲ್ಲಿಯೇ ಸೋಂಕು ತಗುಲಿ, ಅದೇ ಕಟು ಔಷಧ ತೆಗೆದುಕೊಂಡು, ಕೈ ಬರಿದು ಮಾಡಿಕೊಂಡ ಹುಡುಗಿ. ಪಾಪ ಅನ್ನಿಸಲಿಲ್ಲವೇ ಎಂದರೆ ಅನ್ನಿಸಿತು. ಆದರೆ ಕುರ್ಚಿಯಲ್ಲಿ ಕುಳಿತ ಮಾವ ಅವಳಿಗಿಂತ ಹತ್ತಿರದವರು. ವರದಾ ಏಳು, ಹನ್ನೆರಡರ ನಂಬರು ಚೀಟಿಗಳನ್ನು ಉಗುರಿನಿಂದ ಎಬ್ಬಿಸಿ ಅದಲು ಬದಲು ಮಾಡಿದಳು. ಆಮೇಲೆ ಹನ್ನೆರಡೂ ಕವಸುಗಳನ್ನು ತುಂಬಿ ಮುಗಿಸಿದಳು.

ಮರುದಿನ ಬೆಳಿಗ್ಗೆ ಮಾವ ಬಲಗೈಗೆ ಕವಸು ಹಾಕಿಕೊಂಡೇ ಎಡಗೈಯಲ್ಲಿ ಬಟ್ಟಲು ಹಿಡಿದು ಚಹಾ ಕುಡಿಯುತ್ತಿದ್ದರು. ವರದಾ ಗುನುಗುತ್ತ ಬಂದು ಎದುರಿಗೆ ಕುಳಿತಳು. ಅವರು ಅವಳ ಮುಖ ನೋಡಿದರು. ನಲವತ್ತು ವರ್ಷ ಮುಖ ನೋಡಿಯೇ ರೋಗ ಹೇಳಿದವರ ಮುಂದೆ ಹಾಗೆ ಗುನುಗಬಾರದು.

"ನಿನ್ನೆತನಕ ನನಗ ಖರೇದ್ದು ಬರ್ತೈತೋ ಇಲ್ಲೋ ಅಂತ ಅನ್ನ ಬಿಟ್ಟು ಒದ್ದಾಡ್ತಿದ್ದಿ," ಎಂದರು ಮಾವ ಬಟ್ಟಲು ಕೆಳಗಿಡುತ್ತ. "ಇವತ್ತ ಆ ಮಾತs ಎತ್ತವಲ್ಲಿ. ಏನ್ ಮಾಡೀಯವಾ?"

ವರದಾಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ವಾಸನೆಯಿಂದ ಹಿಡಿದು ಚೀಟಿಯವರೆಗೆ ಎಲ್ಲ ಹೇಳಿ ಅತ್ತಳು. ಇದು ಯಾರಿಗೆ ಬರಬೇಕಿತ್ತು ಎಂದು ಮಾತ್ರ ಕೇಳಿದರು ಮಾವ. ಸುಟ್ಟಗಾಯದವರ ವಾರ್ಡು ಎಂದಾಗ ಅವರ ಮುಖ ಬಿಗಿಯಿತು. ಒಂದೇ ರಾತ್ರಿಗೆ ಏನೂ ನೆಲೆಯಾಗುವುದಿಲ್ಲ ತಾನೇ, ಕವಸಿನಲ್ಲಿರುವುದು ಇನ್ನೂ ಜೀವಂತ ಇರುತ್ತದೆ ತಾನೇ ಎಂದು ಕೇಳಿ ಖಾತ್ರಿ ಮಾಡಿಕೊಂಡರು. ಬಿಸಿ ಆರದಿದ್ದರೆ ಇರುತ್ತದೆ, ಮಧ್ಯಾಹ್ನದ ಮೇಲೆ ಈ ಕೈಗೇ ನೆಲೆಯಾಗತೊಡಗುತ್ತದೆ ಎಂದಳು ವರದಾ. ಮಾವ ಎದ್ದು, ಅಂಗಿ ಕೊಡು ಎಂದರು.

ಅಲ್ಲಿಯವರೆಗೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅತ್ತೆ ಅಂಗಿ ಕೊಡಲಿಲ್ಲ. "ಅದು ನಿಮ್ಮ ಕೈಯಾಗಿಂದs ಅಲ್ಲೇನ್ರಿ? ನಿಮ್ಮದು ನಿಮಗ ಬಂದ್ರ ಕಳವು ಹೆಂಗಾಗ್ತೈತಿ?"

ರಾತ್ರಿಯೆಲ್ಲ ವರದಾ ತನಗೆ ತಾನೇ ಹೇಳಿಕೊಂಡದ್ದೂ ಅದನ್ನೇ.

"ಕೊಡೂತನಕ ನಂದು," ಎಂದರು ಮಾವ. "ಕೊಟ್ಟ ಮ್ಯಾಲೆ ಕೊಟ್ಟವನದೇನೈತಿ ಅದರಾಗ? ಅಲ್ಲಿ ಸುಟ್ಟುಕೊಂಡ ಮಂದಿ ಒದರಿಕೋತ ಬಿದ್ದಾರ ಸುಶೀಲಾ. ನಾ ಇಲ್ಲಿ ಹಲ್ಲು ನೋಯಿಸಿಕೊಂಡು ಬಂದವರಿಗೆ ಗುಳಿಗಿ ಕೊಡಾಂವ."

ಅತ್ತೆ ಮುಖ ತಿರುಗಿಸಿಕೊಂಡೇ ಅಂಗಿ ತಂದು, ಕವಸಿನ ಕೈಯನ್ನು ನಾಜೂಕಾಗಿ ತೋಳಿನಲ್ಲಿ ತೂರಿಸಿ, ತಾವೇ ಗುಂಡಿ ಹಾಕಿದರು.

ಮೊದಲು ಪ್ರಯೋಗಾಲಯಕ್ಕೆ ಹೋದರು. ಮೇಡಂ ಮುಂದೆ ವರದಾ ನಿಂತು ಹೇಳಿದಳು, ಮಾವ ಪಕ್ಕದಲ್ಲಿದ್ದರು. ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ವರದಾಗೆ. ಕಿಟಕಿಯ ಕಡೆ ತಿರುಗಿ ನಿಂತು, ಇನ್ನುಳಿದ ಸೀಸೆಗಳ ವಾಸನೆಯೂ ನಿನಗೆ ಗೊತ್ತು ಅಂದ ಹಾಗಾಯಿತು ಎಂದರು. ಇನ್ನು ಮುಂದೆ ವರದಾ ಯಾವ ಗಾಯವನ್ನೂ ನೋಡುವಂತಿಲ್ಲ, ಬೇರೆ ಕಾಲೇಜಿನವರು ಬಂದು ನೋಡುತ್ತಾರೆ. ನಡೆದದ್ದೆಲ್ಲ ಪ್ರಬಂಧದಲ್ಲಿ ಬರೆಯಬೇಕು. ಏಳು, ಹನ್ನೆರಡು ಎರಡೂ ಲೆಕ್ಕದಿಂದ ಹೊರಗೆ. ಉಳಿದ ಹತ್ತರಿಂದ ಖಚಿತವಾಗಿ ಏನೂ ಹೇಳಲಾಗುವುದಿಲ್ಲ, ಆದ್ದರಿಂದ ಪಿಎಚ್‌ಡಿ ಸೀಟಿನ ಆಸೆ ಬಿಡಬೇಕು. ಇಷ್ಟನ್ನೂ ಅವರು ತಣ್ಣಗೆ ಹೇಳಿದರು. ವರದಾ ತಲೆಯಾಡಿಸಿದಳು. ಒಂದು ವರ್ಷದ ದುಡಿಮೆ ಒಂದು ಉಗುರಿಗೆ ಹೋಗಿತ್ತು.

ಆಮೇಲೆ ಮೇಡಂ ಮಾವನ ಕಡೆ ತಿರುಗಿದರು. ಅವರ ದನಿ ಮೆತ್ತಗಾಗಿತ್ತು.

"ಡಾಕ್ಟರೇ, ಇಬ್ಬರನ್ನೂ ಲೆಕ್ಕದಿಂದ ತೆಗೆದಾಯ್ತು. ಇನ್ನು ಆ ಕವಸು ಯಾರ ಕೈಯಲ್ಲಿದ್ದರೂ ಪ್ರಯೋಗಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನೀವೇ ಇಟ್ಟುಕೊಂಡರೆ ನಾನು ಬೇಡ ಅನ್ನೋದಿಲ್ಲ."

ವರದಾ ಮಾವನನ್ನು ನೋಡಿದಳು. ಈಗಲಾದರೂ ಹೂಂ ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಮಾವ ಕವಸಿನೊಳಗೆ ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿದರು. ಅವರಿಗೂ ಆಸೆ ಇತ್ತು, ಇಲ್ಲವೆಂದಲ್ಲ. ಬಳಿಕ, ಬಿಸಿ ಆರೂದರಾಗ ಮುಟ್ಟಬೇಕು ನಡಿ ಎಂದು ಬಾಗಿಲಿನತ್ತ ಹೊರಟರು.

ಆಟೋದಲ್ಲಿ ಅವರು ಕವಸಿನ ಕೈಯನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡೇ ಕುಳಿತರು. ಆ ಹುಡುಗಿಗೆ ಏನೂ ಹೇಳುವುದು ಬೇಡ, ಹೇಳಿದರೆ ಇಸಗೊಳ್ಳುವುದಿಲ್ಲ ಎಂದರು. ಒಂದು ಕಡೆ ಆಟೋ ಜೋರಾಗಿ ಜಿಗಿದಾಗ ಮಾವ ಎಡಗೈಯಿಂದ ಹೊಟ್ಟೆಯನ್ನು ಅಪ್ಪಿಕೊಂಡರು.

ವಾರ್ಡಿನ ಹೊರಗೆ ಮಾವ ಕೈಯನ್ನು ಕವಸಿನಿಂದ ಮೆಲ್ಲಗೆ ಎಳೆದುಕೊಂಡು, ಅದರ ಬಾಯಿ ಮುಚ್ಚಿ ಹಿಡಿದು ಒಳಗೆ ಹೋದರು. ಕಸ್ತೂರಿ ಆಗ ತಾನೇ ರಾತ್ರಿ ಪಾಳಿ ಮುಗಿಸಿದ್ದಳು. ತೆಳ್ಳನೆಯ ಹುಡುಗಿ, ಕಣ್ಣಿನ ಕೆಳಗೆ ಕಪ್ಪು. ಬಲಗೈಗೆ ನಿನ್ನೆಯ ಕವಸು ಇನ್ನೂ ಇತ್ತು, ಅದಿರುವವರೆಗೆ ಅವಳಿಗೆ ಗಾಯ ಮುಟ್ಟುವ ಕೆಲಸವಿರಲಿಲ್ಲ. ಅವಳ ಹಿಂದೆ ಸಾಲಾಗಿ ಮಂಚಗಳು, ಮೇಲೆ ಬಿಳಿ ಪರದೆಗಳು. ಯಾರೋ ಸಣ್ಣಗೆ ನರಳುತ್ತಿದ್ದರು. ಮಾವ ತಮ್ಮ ಪರಿಚಯ ಹೇಳಿ, ನಿನ್ನೆ ತುಂಬುವಾಗ ಪ್ರಯೋಗಾಲಯದಲ್ಲಿ ತಪ್ಪಾಗಿದೆ, ಅದನ್ನು ತೆಗೆದು ಇದನ್ನು ಹಾಕಿಕೊಳ್ಳಬೇಕು ಎಂದರು. ಅವಳು ಗಡಬಡಿಸಿ ಎದ್ದು ನಿಂತು ನಮಸ್ಕಾರ ಮಾಡಿದಳು. ಆ ಕೈ ನಿಮ್ಮದಂತಲ್ರಿ ಸರ್, ನೀವೂ ಹೆಸರು ಕೊಟ್ಟೀರಂತ ಗೊತ್ತಾತು ಎಂದಳು. ಹನ್ನೆರಡು ಮಂದಿಯಲ್ಲಿ ಅಂಥ ಸುದ್ದಿ ಮುಚ್ಚಿಡಲು ಯಾರಿಂದಾದೀತು.

"ಹೆಸರು ಕೊಟ್ಟ ದಿನದಿಂದ ಒಂದs ಬೇಡಿಕೊಂಡೀನ್ರಿ," ಎಂದಳು ಕಸ್ತೂರಿ, ಹಳೆಯ ಕವಸಿನ ಪಟ್ಟಿ ಬಿಚ್ಚುತ್ತ. "ನನಗ ಉಪ್ಪುನೀರು ಬಂದ್ರೂ ಅಡ್ಡಿ ಇಲ್ಲ, ಸಾಹೇಬ್ರ ಕೈ ಸಾಹೇಬ್ರಿಗೆ ತಿರುಗಿ ಬರಲಿ ಅಂತ."

ವರದಾಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಮಾವ ಕವಸಿನ ಬಾಯಿ ಬಿಡಿಸಿ ಮುಂದೆ ಹಿಡಿದರು.

"ನೀ ಮೊದಲ ಕೈ ಹಾಕವಾ," ಎಂದರು.

ಕಸ್ತೂರಿ ಕೈ ಹಾಕಿದಳು. ಬೆಚ್ಚಗ ಐತ್ರಿ ಎಂದು ಬೆರಗಿನಿಂದ ನಕ್ಕಳು. ಕಾಯಿಸಿ ತಂದೀವಿ ಎಂದು ಮಾವ ಪಟ್ಟಿ ಬಿಗಿದರು. ಎರಡು ರಾತ್ರಿಯಲ್ಲ, ಇವತ್ತಿನಿಂದ ಲೆಕ್ಕ ಹಿಡಿದು ಪೂರ್ತಿ ಮೂರು ರಾತ್ರಿ ಹಾಕಿಕೋ, ನೀರು ತಾಗಿಸಬೇಡ ಎಂದು ಎರಡೆರಡು ಸಲ ಹೇಳಿದರು. ಆ ಹುಡುಗಿ ಕವಸಿನ ಕೈಯನ್ನು ಎದೆಗೆ ಹಿಡಿದುಕೊಂಡೇ ಬಾಗಿಲವರೆಗೆ ಬಂದು ಕಳಿಸಿದಳು.

ಹೊರಗಿನ ನಲ್ಲಿಯಲ್ಲಿ ಮಾವ ಬಲಗೈ ತೊಳೆದುಕೊಂಡರು. ಕೈಯ ಚರ್ಮ ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿತ್ತು. ವರದಾ ತನ್ನ ಓಢಣಿಯ ತುದಿ ಚಾಚಿದಳು, ಅವರು ಅದಕ್ಕೇ ಒರೆಸಿಕೊಂಡರು. ತನ್ನಿಂದ ಎಲ್ಲಾ ಹಾಳಾಯಿತು ಎಂದು ಅವಳು ಬಿಕ್ಕಿದಳು. ಮಾವ ಹಾಳಾಗಲಿಲ್ಲ ಎನ್ನಲಿಲ್ಲ. ಹೌದವಾ, ಹಾಳಾತು, ಈಗ ಬರಿ, ಬಚ್ಚಿಡದs ಬರಿ ಎಂದರು. ಮೆಟ್ಟಿಲು ಇಳಿಯುವಾಗ ಮಾತ್ರ ನಿಂತು ಕೇಳಿದರು.

"ದವಾಖಾನಿ ಕೀಲಿ ನಿಮ್ಮತ್ತಿ ಎಲ್ಲಿಟ್ಟಾಳ?"

ವರದಾ ಕಣ್ಣೊರೆಸಿಕೊಂಡು ನೋಡಿದಳು.

"ಕೈ ಹೋಗೇತಿ ಅಂತ ಬಾಗಿಲದಾಗ ಬರದು ಹಾಕೂಣು," ಎಂದರು ಮಾವ. "ಗಾಯ ಆದವರನ್ನ ಆ ಕಸ್ತೂರಿ ಕಡೆ ಕಳಸೂದು. ಉಳಿದವರಿಗೆ ನಾ ಅದೀನಿ."

ಆಟೋದವನು ಗುರುತು ಹಿಡಿದು, ಸಾಹೇಬ್ರ, ಮನಿಗೇನ್ರಿ ಎಂದು ಕೇಳಿದ. ದವಾಖಾನಿಗೆ ಎಂದರು ಡಾಕ್ಟರು.